ಸಂಸದರ ಗುಂಪು ಬರೀ ಫೋಟೊಕ್ಕಾ?

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕೇಳಿದ್ದಾರೆ: ‘ಅಮೆರಿಕದ ಸಂಸತ್ತಿನಲ್ಲಿ ಚೀನಾ ವಿಷಯಕ್ಕೇ ಸಂಸದರ ಗುಂಪುಗಳಿವೆ ಎಂದು ಬರೆದಿದ್ದೀರಿ. ವಿದೇಶಾಂಗ ನೀತಿ ಅಧ್ಯಕ್ಷರ ಕೆಲಸ ಅಲ್ವಾ? ಇವರು ಫೋಟೊ ತೆಗೆಸಿಕೊಳ್ಳೋದು ಬಿಟ್ಟು ಏನು ಮಾಡುತ್ತಾರೆ? ನಮ್ಮಲ್ಲೂ ಇವೆಯಾ?’

ನಿಮ್ಮ ಅನುಮಾನ ಅರ್ಧ ನಿಜ. ಈ ಗುಂಪುಗಳಿಗೆ ಕಾನೂನಿನ ಅಧಿಕಾರವಿಲ್ಲ. ಸುಮ್ನೆ ಹೆಸರು ಕೊಟ್ಟು ಆಮೇಲೆ ಅತ್ತ ತಲೆ ಹಾಕದವರೂ ಇರುತ್ತಾರೆ.

ಆದರೆ 2005ನೇ ಇಸವಿ ನೋಡಿ. ಆ ವರ್ಷ ಅಲ್ಲಿನ ಕೆಳಮನೆಯಲ್ಲಿ ಎರಡು ಗುಂಪು ಹುಟ್ಟಿದವು. ರ‍್ಯಾಂಡಿ ಫೋರ್ಬ್ಸ್ ಮುಂದಾಗಿ ಕಟ್ಟಿದ ‘ಚೀನಾ ಕಾಕಸ್’ ಎಂಬ ಗುಂಪಿಗೆ ಚೀನಾ ಸೇನೆ ಬೆಳೆಯುತ್ತಿರುವ ಆತಂಕ. ಮಾರ್ಕ್ ಕರ್ಕ್, ರಿಕ್ ಲಾರ್ಸನ್ ಅವರ ಗುಂಪಿಗೆ ಮಾತುಕತೆ, ವ್ಯಾಪಾರ ಬೇಕು. ಲಾರ್ಸನ್ ಅವರದು ಬೋಯಿಂಗ್ ವಿಮಾನ ಕಾರ್ಖಾನೆಯ ಸೀಮೆ. ಚೀನಾ ಆ ಕಂಪನಿಯ ದೊಡ್ಡ ಗಿರಾಕಿ. ಅಡಿಕೆ ಆಮದು ತಡೆಯಿರಿ ಎಂದು ನಮ್ಮ ಕಡೆಯ ಸಂಸದರು ದೆಹಲಿಯಲ್ಲಿ ಓಡಾಡಿದ ಹಾಗೇ ಇದೂ. ಕನಿಷ್ಠ ಆಮದು ಬೆಲೆ 2023ರಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಸಂಸದರ ಒತ್ತಡ ಏನು ಮಾಡಬಲ್ಲದು ನೋಡಿ. ಅದೇ 2005ರಲ್ಲಿ ಚೀನಾದ ಸರ್ಕಾರಿ ತೈಲ ಕಂಪನಿ ಸಿನೂಕ್, ಅಮೆರಿಕದ ಯುನೊಕಾಲ್ ಕಂಪನಿಯನ್ನು 1,850 ಕೋಟಿ ಡಾಲರ್‌ಗೆ ಕೇಳಿತು. ಇದನ್ನು ಕೂಲಂಕಷವಾಗಿ ಪರಿಶೀಲಿಸಬೇಕು ಎಂದು ಕೆಳಮನೆ 398–15 ಮತಗಳಿಂದ ನಿರ್ಣಯ ಮಾಡಿತು. ಅದು ಕಾನೂನಲ್ಲ, ಬರೀ ಅಭಿಪ್ರಾಯ. ಅಧ್ಯಕ್ಷ ಬುಷ್ ತಡೆ ಹಾಕಿರಲೇ ಇಲ್ಲ. ಆದರೂ ಆಗಸ್ಟ್‌ನಲ್ಲಿ ಸಿನೂಕ್ ತಾನೇ ಹಿಂದೆ ಸರಿಯಿತು. ರಾಜಕೀಯ ವಿರೋಧವೇ ಕಾರಣ ಎಂದೂ ಹೇಳಿತು. ಎದುರಿನವರ ಲೆಕ್ಕಾಚಾರ ಕೆಡಿಸುವುದು ಅಂದ್ರೆ ಇದೇ. ಅಧ್ಯಕ್ಷರ ಸಹಿಯೇ ಬೇಕಾಗಲಿಲ್ಲ.

ಕಾನೂನೇ ಮಾಡಿದ್ದೂ ಉಂಟು. 1979ರಲ್ಲಿ ಕಾರ್ಟರ್ ಬೀಜಿಂಗ್‌ಗೆ ಮಾನ್ಯತೆ ಕೊಟ್ಟು ತೈವಾನ್ ಕೈಬಿಟ್ಟಾಗ, ಸಂಸತ್ತು ತೈವಾನ್ ಸಂಬಂಧಗಳ ಕಾಯ್ದೆ ತಂದಿತು. ರಕ್ಷಣೆಗೆ ಬೇಕಾದ ಆಯುಧ ಕೊಡಲು ಇವತ್ತಿಗೂ ಅದೇ ಆಧಾರ.

ಇನ್ನು ನಮ್ಮ ವಿಷಯ. ಟಿಬೆಟ್‌ಗಾಗಿ ಸರ್ವಪಕ್ಷ ಸಂಸದರ ವೇದಿಕೆಯೊಂದು ಇದೆ. ಅದರ ಕೆಲವರು 2021ರ ಡಿಸೆಂಬರ್‌ನಲ್ಲಿ ಟಿಬೆಟನ್ನರ ಔತಣಕ್ಕೆ ಹೋದಾಗ ಚೀನಾ ದೂತಾವಾಸ ಆಕ್ಷೇಪದ ಪತ್ರವನ್ನೇ ಬರೆಯಿತು. ಆದರೆ ಇಲ್ಲಿ ಒಪ್ಪಂದಗಳಿಗೆ ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಅಮೆರಿಕದಲ್ಲಿ ಮೇಲ್ಮನೆ ಸೆನೆಟ್‌ನ ಮೂರನೇ ಎರಡು ಬಹುಮತ ಬೇಕು. ಸಾಲದ್ದಕ್ಕೆ 1985ರ ಪಕ್ಷಾಂತರ ನಿಷೇಧ ಕಾಯ್ದೆ. ಪಕ್ಷದ ವಿಪ್ ಮೀರಿ ಮತ ಹಾಕಿದರೆ ಸ್ಥಾನವೇ ಹೋದೀತು. ನಮ್ಮ ಗುಂಪುಗಳು ಔತಣದ ಆಚೆಗೆ ಹೋಗದಿರಲು ಸಂಸದರ ಸೋಮಾರಿತನಕ್ಕಿಂತ ಇದೇ ಜಾಸ್ತಿ ಕಾರಣ ಎಂದು ನನ್ನ ಅಂದಾಜು.