ತೋಟ ಮಾರಬೇಡಿ, ಚೇಣಿಗೆ ಕೊಡಿ

ಪ್ರಶ್ನೆ: ರೋನಿ ಸ್ಕ್ರೂವಾಲಾ ಧಾರಾವಾಹಿ, ಸಿನಿಮಾ ನಿರ್ಮಾಪಕರಾಗಿದ್ದವರು. ಮಾಧ್ಯಮ ಸಂಸ್ಥೆಯ ಒಡೆಯರಾದದ್ದು ಹೇಗೆ? ಶಿವಮೊಗ್ಗದಲ್ಲಿ ನಾವು ನಾಲ್ವರು ಸೇರಿ ನಿರ್ಮಾಣ ಸಂಸ್ಥೆ ಶುರುಮಾಡುತ್ತಿದ್ದೇವೆ. ಅವರಿಂದ ಕಲಿಯುವುದೇನಾದರೂ ಇದೆಯೇ?
– ಓದುಗರು, ಸಾಗರ

ಉತ್ತರ: ಸ್ಕ್ರೂವಾಲಾ 1981ರಲ್ಲಿ ಮುಂಬೈಯಲ್ಲಿ ಕೇಬಲ್ ಟಿವಿಯಿಂದ ಆರಂಭಿಸಿದರು. 1990ರಲ್ಲಿ ಯುಟಿವಿ ಕಟ್ಟಿ ವಾಹಿನಿಗಳಿಗೆ ಕಾರ್ಯಕ್ರಮ ಮಾಡಿಕೊಟ್ಟರು. ಆಮೇಲೆ ಸಿನಿಮಾ ಬಂತು, 2004ರಲ್ಲಿ ಹಂಗಾಮ ಎಂಬ ಮಕ್ಕಳ ವಾಹಿನಿ ಬಂತು. ಅದನ್ನು 2006ರಲ್ಲಿ ಡಿಸ್ನಿ ಕೊಂಡಿತು. 2012ರಲ್ಲಿ ಯುಟಿವಿಯೇ ಡಿಸ್ನಿ ಪಾಲಾಯಿತು. ನಿಮಗೆ ಪಾಠ ಇರುವುದು ಹಂಗಾಮದಲ್ಲಿ. ವಾಹಿನಿ ಸ್ವಂತದ್ದಾಗಿತ್ತು, ಅದಕ್ಕೇ ಮಾರಲು ಬಂತು. ಕಂತಿಗಿಷ್ಟು ಎಂದು ಬೇರೆಯವರಿಗೆ ಮಾಡಿಕೊಟ್ಟ ಕೆಲಸಕ್ಕೆ ಕೂಲಿ ಸಿಗುತ್ತದೆ, ಆಸ್ತಿ ಉಳಿಯುವುದಿಲ್ಲ.

ಹಾಗಾಗಿ ಮೊದಲು ನೋಡಬೇಕಾದ್ದು ಕರಾರಿನಲ್ಲಿ ಹಕ್ಕಿನ ಕಲಮು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರದ ಹಕ್ಕು ನಿರ್ಮಾಪಕರದ್ದು. ಆದರೆ ಯಾರೋ ಹಣ ಕೊಟ್ಟು ಮಾಡಿಸಿ, ಕರಾರು ಹಕ್ಕಿನ ಬಗ್ಗೆ ಏನೂ ಹೇಳದಿದ್ದರೆ ಹಣ ಕೊಟ್ಟವರೇ ಹಕ್ಕುದಾರರು. ಎಷ್ಟೋ ಹೊಸಬರು ಎಡವುವುದು ಇಲ್ಲೇ.

ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ ಕೊಟ್ಟರೂ ತೋಟ ನಿಮ್ಮದೇ. ವಾಹಿನಿ ಪ್ರಸಾರ, ಓಟಿಟಿ, ಯೂಟ್ಯೂಬ್, ಡಬ್ಬಿಂಗ್, ರೀಮೇಕ್: ಒಂದೊಂದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿಸಿ, ಎಷ್ಟು ವರ್ಷ, ಯಾವ ಪ್ರದೇಶ ಎಂಬುದೂ ಇರಲಿ. ಹಕ್ಕು ವರ್ಗಾಯಿಸುವ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾನೂನು 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಎಂದೂ ಭಾವಿಸುತ್ತದೆ. ‘ಶಾಶ್ವತವಾಗಿ, ಜಗತ್ತಿನಾದ್ಯಂತ, ಇನ್ನು ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ’ ಎಂಬ ಸಾಲು ಕಂಡರೆ ಪೆನ್ನು ಕೆಳಗಿಡಿ. ಅದು ಚೇಣಿಯಲ್ಲ, ಕ್ರಯಪತ್ರ.

ದೊಡ್ಡ ವಾಹಿನಿ ಹೊಸಬರ ದಿನನಿತ್ಯದ ಧಾರಾವಾಹಿಗೆ ಹಕ್ಕು ಬಿಟ್ಟುಕೊಡುವುದು ಕಷ್ಟ, ನಿಜ. ಆ ಕೆಲಸವನ್ನು ಕೂಲಿಗೇ ಮಾಡಿ. ಅದರ ಜೊತೆಗೆ ಸ್ವಂತದ್ದೂ ಏನಾದರೂ ಬೆಳೆಯುತ್ತಿರಲಿ. ಮಲೆನಾಡಿನ ತಾಳಮದ್ದಳೆ, ಯಕ್ಷಗಾನದ ರಾತ್ರಿಗಳನ್ನು ಒಳ್ಳೆಯ ಧ್ವನಿಯಲ್ಲಿ ದಾಖಲಿಸಿಟ್ಟರೆ ಅದೇ ಆಸ್ತಿ. ಭಾಗವತರಿಂದ ಹಿಡಿದು ಚಂಡೆಯವರ ತನಕ ಎಲ್ಲರ ಲಿಖಿತ ಒಪ್ಪಿಗೆ ಅಂದೇ ಪಡೆಯಿರಿ. ಮೇಳ ಚದುರಿದ ಮೇಲೆ ಸಹಿಗಾಗಿ ಊರೂರು ಅಲೆಯಬೇಕಾಗುತ್ತದೆ.

ಪ್ರಶ್ನೆ: ಕಂತಿಗೆ 1 ಲಕ್ಷದಂತೆ ತಿಂಗಳಿಗೆ 25 ಕಂತು ಮಾಡಿಕೊಡುವ ಮಾತಾಗಿದೆ. ಹಣ ಬಿಲ್ ಕೊಟ್ಟ 90 ದಿನಕ್ಕೆ. ಎಷ್ಟು ಬಂಡವಾಳ ಬೇಕು?
– ಓದುಗರು, ತೀರ್ಥಹಳ್ಳಿ

ಉತ್ತರ: ತಿಂಗಳ ಬಿಲ್ 25 ಲಕ್ಷ, ಅದರ ಮೇಲೆ ಶೇ. 18 ಜಿಎಸ್‌ಟಿ ಅಂದರೆ 4.5 ಲಕ್ಷ. ಮೇ ಕೊನೆಗೆ ಕೊಟ್ಟ ಬಿಲ್ಲಿನ ಹಣ ಕೈಸೇರುವುದು ಆಗಸ್ಟ್ ಕೊನೆಗೆ. ತೆರಿಗೆ ಮಾತ್ರ ಕಾಯುವುದಿಲ್ಲ, ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಮೇ, ಜೂನ್, ಜುಲೈ ಸೇರಿ 13.5 ಲಕ್ಷ. ಕ್ಯಾಮೆರಾ ಬಾಡಿಗೆ, ಸ್ಟುಡಿಯೋ ಬಿಲ್ಲಿನ ತೆರಿಗೆಯನ್ನು ಇದರಲ್ಲಿ ಕಳೆಯಬಹುದು. ದಿನಗೂಲಿ, ಊಟ, ಜಿಎಸ್‌ಟಿ ನೋಂದಣಿಯಿಲ್ಲದ ಕಲಾವಿದರ ಸಂಭಾವನೆಯಲ್ಲಿ ಕಳೆಯಲು ಏನೂ ಸಿಗದು. ಇದರ ಮೇಲೆ ಮೇಯಿಂದ ಆಗಸ್ಟ್ ತನಕ ನಾಲ್ಕು ತಿಂಗಳ ಚಿತ್ರೀಕರಣದ ಪೂರ್ತಿ ಖರ್ಚು ನಿಮ್ಮದೇ ಜೇಬಿನಿಂದ. ಮೊದಲ ಪಾವತಿಯಲ್ಲೂ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ ಮುರಿದುಕೊಳ್ಳುತ್ತಾರೆ, ಕಂಪನಿಯಾದರೆ ಶೇ. 2, ಒಬ್ಬರ ಹೆಸರಿನಲ್ಲಿದ್ದರೆ ಶೇ. 1. ಧಾರಾವಾಹಿ ಚೆನ್ನಾಗಿ ಓಡುತ್ತಿರುವಾಗಲೇ ನಿರ್ಮಾಪಕರು ಮುಳುಗುವುದು ಈ ಲೆಕ್ಕದಲ್ಲಿ.

90 ದಿನಕ್ಕೆ ಒಪ್ಪಲೇಬೇಕೆಂದಿಲ್ಲ. ಕರಾರಿಗೆ ಸಹಿ ಹಾಕುವ ಮೊದಲೇ ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿ, ಶುಲ್ಕವಿಲ್ಲ. ಸೂಕ್ಷ್ಮ, ಸಣ್ಣ ಉದ್ದಿಮೆಗೆ ಕೊಡಬೇಕಾದ ಹಣಕ್ಕೆ ಗಡುವು 45 ದಿನ ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸಿ.

ಪ್ರಶ್ನೆ: ಆಗುಂಬೆ ಮಳೆಯಲ್ಲಿ ತೆಗೆದ ಚಿತ್ರಿಕೆಗಳನ್ನು ಕಾಪಾಡುವುದು ಹೇಗೆ?
– ಓದುಗರು, ಹೊಸನಗರ

ಉತ್ತರ: ಎರಡು ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ. ಎರಡೂ ತೆರೆದು ನೋಡುವ ತನಕ ಕ್ಯಾಮೆರಾದ ಕಾರ್ಡ್ ಅಳಿಸಬೇಡಿ. ಡಿಸ್ಕ್, ಲೆನ್ಸ್‌ಗಳನ್ನು ಗಾಳಿಯಾಡದ ಡಬ್ಬದಲ್ಲಿ ನೀಲಿ ಸಿಲಿಕಾ ಜೆಲ್ ಜೊತೆ ಇಡಿ. ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಹೀರಿ ಸಾಕಾಗಿದೆ ಎಂದರ್ಥ, ಬದಲಿಸಿ. ಮರದ ಬೀರುವಿನಲ್ಲಿಟ್ಟ ಲೆನ್ಸ್‌ಗೆ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.