ಆರ್ಡರ್ ಮೇಲೆ ಗಾಡಿ ಬಾಡಿ ಕಟ್ಟುವ ಶೆಡ್‌ನಲ್ಲಿ ಮಾಲು ರಾಶಿ ಬೀಳದಂತೆ ನೋಡಿಕೊಳ್ಳುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಬೀದರ್‌ನಲ್ಲಿ ಟಿಪ್ಪರ್, ಟ್ರಾಲಿ, ನೀರಿನ ಟ್ಯಾಂಕರ್ ಕಟ್ಟುವ ಶೆಡ್ ಇದೆ, ಆರ್ಡರ್ ಬಂದ ಮೇಲೇ ಕೆಲಸ ಶುರು ಮಾಡುತ್ತೇವೆ, ಆದರೂ ಲಕ್ಷಗಟ್ಟಲೆ ರೂಪಾಯಿ ಮಾಲು ಬಿದ್ದಿದೆ, ಬೇಕಾದ ಸಾಮಾನು ಮಾತ್ರ ಬೇಕಾದಾಗ ಸಿಗಲ್ಲ ಅಂತ. ನಾನು ಕಲಬುರಗಿಯಲ್ಲಿ ಇಂಥದ್ದೇ ಶೆಡ್‌ನ ಸ್ಟೋರ್, ಖರೀದಿ ಎರಡೂ ನೋಡಿಕೊಳ್ಳುತ್ತೇನೆ. ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ಬಿದ್ದಿರುವ ಮಾಲನ್ನು ಒಮ್ಮೆ ಸರಿಯಾಗಿ ನೋಡಿ. ಪೂರ್ತಿ ಉದ್ದದ ಚಾನಲ್ (C ಆಕಾರದ ಉಕ್ಕಿನ ಪಟ್ಟಿ), ಪೂರ್ತಿ ಶೀಟ್ ಅದರಲ್ಲಿ ಕಡಿಮೆ ಇರುತ್ತದೆ. ಕತ್ತರಿಸಿದ ತುಂಡು, ಮಡಚಿದ ಶೀಟ್, ಯಾವುದೋ ಒಂದು ಗಾಡಿಗೆ ಅಂತ ತರಿಸಿದ ಜಾಕು (ಟಿಪ್ಪರ್ ಬಾಡಿ ಎತ್ತುವ ಹೈಡ್ರಾಲಿಕ್ ಸಿಲಿಂಡರ್), ಹಬ್ಬು (ಚಕ್ರದ ನಡುವಿನ ಭಾಗ), ಇವೇ ಜಾಸ್ತಿ. ಕತ್ತರಿಸದ ಚಾನಲ್ ಯಾವ ಗಾಡಿಗಾದರೂ ಆಗುತ್ತದೆ. ಕತ್ತರಿಸಿದ ಮೇಲೆ ಅದು ಒಂದೇ ಗಾಡಿಯ ಮಾಲು. ಆ ಗಿರಾಕಿ ಅಳತೆ ಬದಲಿಸಿದರೆ ಅಥವಾ ಫೋನ್ ಎತ್ತದೇ ಹೋದರೆ ಅದು ಮೂಲೆ ಸೇರುತ್ತದೆ. ಅದಕ್ಕೇ ನನ್ನ ಮುಖ್ಯ ಮಾತು: ಕಟಿಂಗ್ ಆದಷ್ಟು ತಡವಾಗಿ ಮಾಡಿ. ಮಿಸ್ತ್ರಿ ಖಾಲಿ ಕೂತಿದ್ದಾರೆ ಅಂತ ಸುಮ್ನೆ ಮುಂದಿನ ಗಾಡಿಯ ಮಾಲು ಕತ್ತರಿಸಿ ಇಡಬೇಡಿ.

ಡ್ರಾಯಿಂಗ್ ಮೇಲೆ ಗಿರಾಕಿಯ ಸಹಿ, ಕೈಗೆ ಅಡ್ವಾನ್ಸ್, ಆಮೇಲೆ ಕಟಿಂಗ್. ಪಕ್ಕದ ಹಲಗೆ ಕತ್ತರಿಸಿ ಆದ ಮೇಲೆ 'ಇನ್ನರ್ಧ ಅಡಿ ಏರಿಸ್ರಿ' ಅನ್ನುವವರು ನಮ್ಮ ಕಡೆ ಬಹಳ. ಬೇಡ ಅನ್ನಬೇಕಿಲ್ಲ. ಆದರೆ ಕಟಿಂಗ್ ಆದ ಮೇಲೆ ಬದಲಿಸಿದರೆ ಮಾಲಿನ ದುಡ್ಡು ಬೇರೆ ಅಂತ ಕೊಟೇಶನ್‌ನಲ್ಲೇ ಬರೆದಿರಿ. 4 ಎಂಎಂ ಶೀಟ್, 1250×2500 ಅಳತೆಯದು, ಒಂದಕ್ಕೆ ಸುಮಾರು 98 ಕೆಜಿ ತೂಗುತ್ತದೆ. ಅಂಥ ನಾಲ್ಕು ಶೀಟ್ ಕೆಟ್ಟರೆ ಎಷ್ಟಾಯಿತು ಅಂತ ನೀವೇ ಲೆಕ್ಕ ಹಾಕಿ.

ತುಂಡಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಹೋಗುವ ದುಡ್ಡು ಯಾರ ಕಣ್ಣಿಗೂ ಬೀಳುವುದಿಲ್ಲ. ಟಿಪ್ಪರ್ ತಳಕ್ಕೆ 2.3 ಮೀಟರ್ ಉದ್ದದ 10 ಅಡ್ಡಪಟ್ಟಿ ಬೇಕು ಅಂದುಕೊಳ್ಳಿ. 6 ಮೀಟರ್ ಚಾನಲ್ ತಂದರೆ ಒಂದರಲ್ಲಿ ಎರಡೇ ಪಟ್ಟಿ, 1.4 ಮೀಟರ್ ಉಳಿಯುತ್ತದೆ. ಐದು ಚಾನಲ್‌ಗೆ 7 ಮೀಟರ್ ತುಂಡು. ಅದೇ 12 ಮೀಟರ್‌ದು ತಂದರೆ ಒಂದರಲ್ಲಿ ಐದು ಪಟ್ಟಿ ಬರುತ್ತವೆ. ಎರಡೇ ಚಾನಲ್ ಸಾಕು, ಒಟ್ಟು ಉಳಿಯುವುದು ಹತ್ತಿರ ಹತ್ತಿರ 1 ಮೀಟರ್. 100 ಎಂಎಂ ಚಾನಲ್ ಮೀಟರಿಗೆ ಒಂಬತ್ತೂವರೆ ಕೆಜಿ ಹತ್ತಿರ ಬರುತ್ತದೆ. ಅಂದರೆ ಒಂದು ಗಾಡಿಯ ತಳದಲ್ಲೇ ಐವತ್ತು ಕೆಜಿಗಿಂತ ಜಾಸ್ತಿ ಉಳಿತಾಯ. ಅದೂ ಡೀಲರ್‌ಗೆ ಫೋನಿನಲ್ಲಿ ಉದ್ದ ಕೇಳಿದ್ದಕ್ಕೇ. 6 ಮೀಟರ್‌ದೇ ಸಿಕ್ಕರೆ ಆ 1.4 ಮೀಟರ್ ತುಂಡು ಪಕ್ಕದ ಕಂಬಕ್ಕೆ ಆಗುತ್ತದಾ ಅಂತ ಡ್ರಾಯಿಂಗ್ ಹಂತದಲ್ಲೇ ನೋಡಿ. ನಮ್ಮಲ್ಲಿ ಒಂದು ಮೀಟರ್ ಮೇಲಿನ ತುಂಡಿಗೆಲ್ಲ ಉದ್ದ ಬರೆದು ರ‍್ಯಾಕ್‌ನಲ್ಲಿ ನಿಲ್ಲಿಸುತ್ತೇವೆ. ಆ ಪಟ್ಟಿ ಡ್ರಾಯಿಂಗ್ ಮಾಡುವವರ ಮೇಜಿನ ಮೇಲಿರುತ್ತದೆ. ಸ್ಟೋರ್ ಪುಸ್ತಕದಲ್ಲಿದ್ದರೆ ಯಾರೂ ತೆಗೆದು ನೋಡಲ್ಲ.

'ಇದೆ ಅಂದ್ರಲ್ಲ, ಎಲ್ಲಿ?' ಅನ್ನುವ ಜಗಳ ನಿಮ್ಮಲ್ಲೂ ಇರುತ್ತದೆ, ಅಲ್ವಾ? ಅದಕ್ಕೆ ಕಾರಣ, ಇದ್ದ ಮಾಲು ಆಗಲೇ ಬೇರೆ ಗಾಡಿಗೆ ಮೀಸಲಾಗಿರುತ್ತದೆ. ಎಕ್ಸೆಲ್‌ನಲ್ಲಿ ಪ್ರತಿ ಸಾಮಾನಿಗೆ ಮೂರು ಅಂಕಿ ಇಡಿ: ಕೈಯಲ್ಲಿರುವುದು, ಬರಬೇಕಾದದ್ದು, ಒಪ್ಪಿಕೊಂಡ ಆರ್ಡರ್‌ಗಳಿಗೆ ಬೇಕಾದದ್ದು. ಮೊದಲೆರಡು ಕೂಡಿಸಿ ಮೂರನೆಯದು ಕಳೆದರೆ ನಿಜವಾಗಿ ಎಷ್ಟಿದೆ ಅಂತ ಗೊತ್ತಾಗುತ್ತದೆ. ಇದಕ್ಕೆ ಪ್ರತಿ ಗಾಡಿಗೂ ಬಿಒಎಂ, ಅಂದರೆ ಸಾಮಾನಿನ ಪೂರ್ತಿ ಪಟ್ಟಿ, ಇರಲೇಬೇಕು. ಅದಿಲ್ಲದೆ ದುಬಾರಿ ಸಾಫ್ಟ್‌ವೇರ್ ಕೊಳ್ಳುವುದು ದಂಡ.

ಖರೀದಿಯಲ್ಲಿ ಎರಡು ಗುಂಪು ಮಾಡಿ. ಎಲ್ಲ ಗಾಡಿಗೂ ಹೋಗುವ ಚಾನಲ್, ಶೀಟ್, ನಟ್ಟು-ಬೋಲ್ಟು ಸ್ಟಾಕ್ ಇರಲಿ. ಮಾಲು ಬರಲು ಹಿಡಿಯುವ ದಿನಗಳಲ್ಲಿ ಎಷ್ಟು ಖರ್ಚಾಗುತ್ತದೋ ಅಷ್ಟು, ಮೇಲೆ ಸ್ವಲ್ಪ. ಜಾಕು, ಪಂಪು, ಆಕ್ಸಲ್, ಟೈರ್ ಅಡ್ವಾನ್ಸ್ ಬಂದ ಮೇಲೆ, ಆ ಗಾಡಿಗೆ ಎಷ್ಟೋ ಅಷ್ಟೇ. ಉಕ್ಕಿನ ರೇಟ್ ಏರುತ್ತದೆ ಅನ್ನುವ ಹೆದರಿಕೆಗೆ ತಗೊಳ್ಳುವುದಿದ್ದರೂ ಮೊದಲ ಗುಂಪಿನದು ಮಾತ್ರ ತಗೊಳ್ಳಿ. ಹೈದರಾಬಾದ್‌ನಿಂದ ಬರುವ ಲಾರಿ ತುಂಬಿಸಬೇಕು ಅಂತ ಬೇಡದ್ದು ಹಾಕಿಸುವ ಬದಲು ಪಕ್ಕದ ಶೆಡ್‌ನವರ ಜೊತೆ ಲೋಡ್ ಹಂಚಿಕೊಳ್ಳಿ. ವೆಲ್ಡಿಂಗ್‌ನ ಲೋ ಹೈಡ್ರೋಜನ್ ರಾಡ್, ಪೇಂಟ್ ಜಾಸ್ತಿ ಇಡಬೇಡಿ. ಆ ರಾಡ್ ಮಳೆಗಾಲದಲ್ಲಿ ತೇವ ಹೀರುತ್ತದೆ, ಪೇಂಟ್‌ಗೆ ಅವಧಿ ಇರುತ್ತದೆ.

ನಮ್ಮ ಭಾಗದ ಸೀಸನ್ ಕೂಡ ಲೆಕ್ಕಕ್ಕೆ ಬರಬೇಕು. ನವೆಂಬರ್ ಹೊತ್ತಿಗೆ ಕಬ್ಬು ನುರಿಸುವುದು ಶುರುವಾಗುತ್ತದೆ. ಆಳಂದ, ಅಫಜಲಪುರದ ರೈತರು ಟ್ರಾಲಿ ಕೇಳುವುದು ಅದಕ್ಕೂ ಮೊದಲು. ಸೇಡಂ, ವಾಡಿ ಕಡೆಯ ಸಿಮೆಂಟ್, ಶಹಾಬಾದ್ ಕಲ್ಲು ಸಾಗಿಸುವವರ ಆರ್ಡರ್‌ಗೆ ಕಬ್ಬಿನ ಲೆಕ್ಕ ನಡೆಯಲ್ಲ. ಎರಡನ್ನೂ ಸೇರಿಸಿ ತಿಂಗಳ ಸರಾಸರಿ ತೆಗೆದರೆ ಮಳೆಗಾಲದಲ್ಲಿ ಟ್ರಾಲಿ ಮಾಲು ರಾಶಿ ಬೀಳುತ್ತದೆ, ದಸರಾಗೆ ಸಾಲದು.

ಈಗಾಗಲೇ ಬಿದ್ದಿರುವುದಕ್ಕೆ: ಆರು ತಿಂಗಳು ಅಲುಗಾಡದ ಮಾಲಿಗೆಲ್ಲ ಕೆಂಪು ಪೇಂಟಿನ ಗುರುತು ಹಾಕಿ. ಡಬ್ಬಿ ಒಡೆಯದ ಜಾಕನ್ನು ಡೀಲರ್ ಸ್ವಲ್ಪ ಕಡಿಮೆ ರೇಟಿಗಾದರೂ ವಾಪಸ್ ತಗೊಳ್ಳುತ್ತಾರಾ ಕೇಳಿ. ಉದ್ದ ತುಂಡನ್ನು ಗೇಟ್, ಗ್ರಿಲ್ ಮಾಡುವವರಿಗೆ ತೋರಿಸಿ, ಗುಜರಿ ರೇಟಿಗಿಂತ ಒಳ್ಳೆಯ ರೇಟ್ ಬರುತ್ತದೆ. ಉಳಿದದ್ದು ಗುಜರಿಗೆ, ಅದಕ್ಕೂ ಜಿಎಸ್‌ಟಿ ಬಿಲ್ ಮಾಡಿ. ಪುಸ್ತಕದಿಂದ ಸುಮ್ನೆ ತೆಗೆದುಹಾಕಿದರೆ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5) ಪ್ರಕಾರ ಆ ಮಾಲಿನ ಮೇಲೆ ಪಡೆದ ಐಟಿಸಿ (ಖರೀದಿಯಲ್ಲಿ ಕಟ್ಟಿದ ತೆರಿಗೆಗೆ ಸಿಗುವ ಕ್ರೆಡಿಟ್) ವಾಪಸ್ ಕಟ್ಟಬೇಕಾಗುತ್ತದೆ. ನಿಮ್ಮ ಸಿಎ ಅವರನ್ನು ಕೇಳಿಯೇ ಕೈ ಹಾಕಿ.