ಟಿವಿ, ಸೆಟ್‌ಟಾಪ್ ಬಾಕ್ಸ್, ಸೌಂಡ್‌ಬಾರ್: ಇಷ್ಟೊಂದು ವೈರ್ ಬೇಕೇ?
ಬೇಡ, ಎರಡು ಎಚ್‌ಡಿಎಂಐ ಕೇಬಲ್ ಸಾಕು. ಒಂದು ಬಾಕ್ಸ್‌ನಿಂದ ಟಿವಿಗೆ, ಇನ್ನೊಂದು ಟಿವಿಯಿಂದ ಸೌಂಡ್‌ಬಾರ್‌ಗೆ. ಕೆಂಪು-ಬಿಳಿ-ಹಳದಿ ವೈರುಗಳನ್ನೆಲ್ಲ ತೆಗೆದುಬಿಡಿ.

ಎರಡನೆಯ ಕೇಬಲನ್ನು ಮಾತ್ರ ಎರಡೂ ತುದಿಯಲ್ಲಿ ‘ಎಆರ್‌ಸಿ’ ಎಂದು ಬರೆದ ಪೋರ್ಟ್‌ಗೇ ಹಾಕಬೇಕು. ಟಿವಿಯ ಮಾಮೂಲಿ ಪೋರ್ಟ್ ಚಿತ್ರ, ಧ್ವನಿಯನ್ನು ಒಳಗೆ ತರುತ್ತದೆ ಅಷ್ಟೆ. ಎಆರ್‌ಸಿಯಲ್ಲಿ ಧ್ವನಿ ಹೊರಗೂ ಹೋಗುತ್ತದೆ. ಹಾಗಾಗಿ ಬಾಕ್ಸ್, ಯೂಟ್ಯೂಬ್, ಪೆನ್‌ಡ್ರೈವ್ ಯಾವುದರ ಸದ್ದಾದರೂ ಅದೊಂದೇ ಕೇಬಲ್‌ನಲ್ಲಿ ಸೌಂಡ್‌ಬಾರ್ ತಲುಪುತ್ತದೆ.

ಸದ್ದು ಬರದಿದ್ದರೆ ಕೇಬಲ್ ಬದಲಿಸುವ ಮೊದಲು ಸೆಟ್ಟಿಂಗ್ ನೋಡಿ. ಸಾಧನಗಳು ಪರಸ್ಪರ ಸೂಚನೆ ಕಳಿಸಿಕೊಳ್ಳುವ ಸಿಇಸಿ ಆನ್ ಇರಬೇಕು (ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್). ಸೌಂಡ್ ಔಟ್‌ಪುಟ್‌ನಲ್ಲಿ ಎಆರ್‌ಸಿ ಆರಿಸಿ. ಆಗಲೂ ಸದ್ದಿಲ್ಲವೆಂದರೆ ಡಿಜಿಟಲ್ ಆಡಿಯೋವನ್ನು ‘ಪಿಸಿಎಂ’ಗೆ ಇಡಿ, ಹಳೆಯ ಸೌಂಡ್‌ಬಾರ್‌ಗಳಿಗೂ ಅರ್ಥವಾಗುವ ಸರಳ ಸ್ಟೀರಿಯೋ ರೂಪವದು.